ಮಂಗಳದ ಕೆಂಪು, ನಮ್ಮ ಗುಡ್ಡದ ಕೆಂಪು

ಮೊನ್ನೆ ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಮುಂಡರಗಿ ತಾಲೂಕಿನ ಡೋಣಿ ಕಡೆ ಹೋಗಿದ್ದೆ. ಎರಿ ಹೊಲ ಮುಗಿದು ಮಸಾರಿ ಶುರುವಾಯಿತು. "ಮಾಮಾ, ಮಂಗಳ ಗ್ರಹದಾಗೂ ಹಿಂಗ ಕೆಂಪು ಮಣ್ಣು ಐತಂತಲ್ಲ, ಖರೇನಾ?" ಅಂದ. ಹೌದಪಾ, ಎರಡೂ ಕಡೆ ಕಬ್ಬಿಣದ್ದೇ ಬಣ್ಣ ಅಂದೆ. ಅಲ್ಲಿಂದ ತಲೆಯೊಳಗೆ ಹುಳ ಹೊಕ್ಕಿತು ನೋಡಿ...

2004ರಲ್ಲಿ ಮಂಗಳಕ್ಕಿಳಿದ ನಾಸಾದ ಆಪರ್ಚುನಿಟಿ ಬಂಡಿಗೆ ಕಾಳಿನಷ್ಟು ಸಣ್ಣ ಹೆಮಟೈಟ್ ಗುಂಡುಗಳು ಸಿಕ್ಕವು. ನೀರು ಹಾಯ್ದ ಕಲ್ಲಿನೊಳಗೆ ಹುಟ್ಟಿದವು ಅಂತ ಲೋಕವೆಲ್ಲ ಸಂಭ್ರಮಪಟ್ಟಿತು. ನಮ್ಮ ಕಪ್ಪತಗುಡ್ಡದ ಪಟ್ಟೆ ಪಟ್ಟೆ ಕಬ್ಬಿಣದ ಕಲ್ಲಲ್ಲೂ ಅದೇ ಹೆಮಟೈಟ್ ಇದೆ. ಅದೂ ನೀರಿನದೇ ಕೆಲಸ! 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿದ್ದ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ ಪದರ ಪದರವಾಗಿ ತಳಕ್ಕಿಳಿಯಿತು. ಸಮುದ್ರದಡಿ ಉಕ್ಕಿದ ಲಾವಾ ತಣ್ಣೀರು ತಾಗಿ ದಿಂಬಿನ ಹಾಗೆ ಗಟ್ಟಿಯಾಯಿತು. ಇದೇ ಶಿಲಾಪಟ್ಟಿ ದಕ್ಷಿಣಕ್ಕೆ ಚಿತ್ರದುರ್ಗದವರೆಗೂ ಹೋಗುತ್ತದೆ. ಅಲ್ಲಿ ಮರಡಿಹಳ್ಳಿಯ ದಿಂಬು ಲಾವಾ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಮಂಗಳದಲ್ಲಿ ನೆಲದ ಫಲಕಗಳು ಇಲ್ಲಿನಂತೆ ಸರಿದಾಡುವುದಿಲ್ಲ. ಲಾವಾ ಒಂದೇ ಜಾಗದಲ್ಲಿ ಸುರಿದೂ ಸುರಿದೂ ಒಲಿಂಪಸ್ ಮಾನ್ಸ್ ಸುಮಾರು 22 ಕಿ.ಮೀ. ಎತ್ತರ ಬೆಳೆದಿದೆ. ಈಗ ಮಳೆಯಿಲ್ಲ, ಗಾಳಿ ತೆಳು. ಹಾಗಾಗಿ 350 ಕೋಟಿ ವರ್ಷದ ಗುಂಡಿಗಳೂ ಅಳಿಸಿಲ್ಲ. ಇಲ್ಲಿ ಹಾಗಲ್ಲ. ಮಳೆ, ಬಿಸಿಲು, ಬೇರು ಎಲ್ಲವೂ ಕಲ್ಲು ತಿನ್ನುತ್ತವೆ, ಫಲಕಗಳು ಮಡಚಿ ಹಿಂಡುತ್ತವೆ. ಅಷ್ಟನ್ನೂ ತಾಳಿ ಉಳಿದದ್ದು ಈ ಗುಡ್ಡ.

ನನ್ನ ತಕರಾರು ಇಷ್ಟೇ. 2011ರಲ್ಲಿ ಹಳ್ಳಿಗುಡಿ ಹತ್ತಿರ ಪೋಸ್ಕೊ ಉಕ್ಕಿನ ಕಾರ್ಖಾನೆ ಬೇಡ ಅಂತ ರೈತರು ಎದ್ದರು, ಗದುಗಿನ ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು. 2015ರಲ್ಲಿ ಗುಡ್ಡ ಸಂರಕ್ಷಿತ ಪ್ರದೇಶವಾಯಿತು, 2016ರಲ್ಲಿ ಅದು ರದ್ದು, 2017ರಲ್ಲಿ ಮತ್ತೆ ಜಾರಿ. 2019ರಲ್ಲಿ ಸುಮಾರು 244 ಚದರ ಕಿ.ಮೀ. ವನ್ಯಜೀವಿಧಾಮವಾಯಿತು. ಪ್ರತಿ ಸಲ ನಾವು ಹೇಳಿದ್ದು ಔಷಧಿ ಗಿಡ, ಶುದ್ಧ ಗಾಳಿ, ಪ್ರಾಣಿ-ಪಕ್ಷಿ. ಎಲ್ಲಾ ಖರೆ. ಆದರೆ ಕಲ್ಲಿನ ಪರವಾಗಿ ಬಾಯಿ ಬಿಟ್ಟವರು ಕಡಿಮೆ. ಕಲ್ಲು ಅಂದರೆ ನಮಗೆ ಟನ್ನಿನ ಲೆಕ್ಕ ಮಾತ್ರ! ಕಡಿದ ಗಿಡ ಮತ್ತೆ ಚಿಗುರೀತು, ಅಗೆದ ಪದರ ಚಿಗುರುವುದಿಲ್ಲ. (ಕಬ್ಬಿಣ ಬೇಡವೇನು ಅಂದರೆ, ಬೇಕು. ನನ್ನ ಬೈಕೂ ಕಬ್ಬಿಣದ್ದೇ. ಇಲ್ಲಿಂದಲೇ ಬರಬೇಕೇ?)

ಹೋದ ದಾರಿಯಲ್ಲಿ ಈ ಕಲ್ಲಿನ ವಯಸ್ಸು ಹೇಳುವ ಒಂದು ಬೋರ್ಡೂ ನನಗೆ ಕಾಣಲಿಲ್ಲ. ಶಿರಹಟ್ಟಿ, ಮುಂಡರಗಿಯ ಶಾಲೆಗಳು ಮಕ್ಕಳನ್ನು ಟ್ರಿಪ್ಪಿಗೆ ಎಲ್ಲೆಲ್ಲಿಗೋ ಕರೆದೊಯ್ಯುವ ಬದಲು ಒಮ್ಮೆ ಇಲ್ಲಿಗೆ ತಂದು, ಆ ಪಟ್ಟೆಗಳ ಮೇಲೆ ಕೈಯಾಡಿಸಲು ಬಿಡಲಿ.

ಹುಡುಗ ಒಂದು ಚೂರು ಕಲ್ಲು ಜೇಬಿಗೆ ಇಳಿಸಿದ್ದ. ಇಟ್ಟು ಬಾ ಅಂದೆ. ಮುಖ ಸಣ್ಣದು ಮಾಡಿಕೊಂಡು ಇಟ್ಟು ಬಂದ.

ಅಂದಹಾಗೆ, ನಿಮ್ಮೂರ ಗುಡ್ಡ ಯಾವ ಕಲ್ಲಿನದು?