ಎಂಬತ್ತು ರೂಪಾಯಿಯ ಉಳಿತಾಯ

ಕಳೆದ ಯುಗಾದಿಗೆ ಮನೆಗೆ ಬಂದಿದ್ದ ತಂಗಿಯ ಮಗನೊಡನೆ ನನಗೊಂದು ಸಣ್ಣ ಜಗಳವಾಯಿತು. ಲಕ್ಷಗಟ್ಟಲೆ ಸುರಿದು ಡೀಸೆಲ್ ಕಾರು ಕೊಂಡವನು, ಆಯಿಲ್ ಫಿಲ್ಟರಿನ ಮಾತು ಬಂದಾಗ "ಯಾವುದಾದರೇನು ಮಾವ, ತಗಡಿನ ಡಬ್ಬಿಯೊಳಗೆ ಕಾಗದ ತಾನೆ? ಎಂಬತ್ತು ರೂಪಾಯಿ ಉಳಿಯಿತಲ್ಲ" ಎಂದುಬಿಟ್ಟ. ಹಬ್ಬದ ದಿನವೆಂದು ಹೆಚ್ಚು ವಾದಿಸಲಿಲ್ಲ. ಆದರೆ ಮೂವತ್ತಮೂರು ವರ್ಷ ವಿಜ್ಞಾನದ ಪಾಠ ಹೇಳಿದವನಿಗೆ ಆ ಮಾತನ್ನು ನುಂಗುವುದು ಹೋಳಿಗೆಯನ್ನು ನುಂಗಿದಷ್ಟು ಸುಲಭವಾಗಲಿಲ್ಲ. ಅವನು ಈ ಪುಟವನ್ನು ತಪ್ಪದೆ ಓದುತ್ತಾನೆಂದು ಬಲ್ಲೆ. ಆದ್ದರಿಂದಲೇ ಇಲ್ಲಿ ಬರೆಯುತ್ತಿದ್ದೇನೆ.

ಕಾಗದವೆಂಬುದು ನಿಜ. ಆದರೆ ಎಂಥ ಕಾಗದ? ಎಂಟನೆಯ ತರಗತಿಯಲ್ಲಿ ಕೆಸರುನೀರನ್ನು ಸೋಸುಕಾಗದದಲ್ಲಿ ಶೋಧಿಸಿದ್ದು ನಿಮ್ಮಲ್ಲಿ ಹಲವರಿಗೆ ನೆನಪಿರಬೇಕು. ನೀರು ಹನಿಹನಿಯಾಗಿ ಇಳಿಯುವಷ್ಟರಲ್ಲಿ ಪೀರಿಯಡ್ಡೇ ಮುಗಿಯುತ್ತಿತ್ತು! ಎಂಜಿನ್ ಹಾಗೆ ಕಾಯಲಾರದು. ಅದರ ಪಂಪು ನಿಮಿಷಕ್ಕೆ ಹಲವಾರು ಲೀಟರ್ ಸುಡುವ ಎಣ್ಣೆಯನ್ನು ಒತ್ತಡದಿಂದ ನೂಕುತ್ತದೆ. ಆ ಬಿಸಿಯಲ್ಲಿ ತಿಂಗಳುಗಟ್ಟಲೆ ನೆನೆದರೂ ಕಾಗದ ಹರಿಯಕೂಡದು; ಎಣ್ಣೆಯನ್ನು ತಡೆಯಕೂಡದು, ಕಣವನ್ನು ಬಿಡಕೂಡದು. ಅದಕ್ಕಾಗಿ ರಾಳ ಹೀರಿಸಿ ಗಡುಸುಗೊಳಿಸಿದ ಕಾಗದವನ್ನು ಒತ್ತೊತ್ತಾಗಿ ನೆರಿಗೆ ಹಿಡಿದಿರುತ್ತಾರೆ. ಕೆಲವರು ಗಾಜಿನೆಳೆಯನ್ನೋ ಕೃತಕ ನಾರನ್ನೋ ಬೆರೆಸುತ್ತಾರೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಎಂಜಿನ್ನಿನ ಬೇರಿಂಗುಗಳನ್ನು ಸವೆಸುವ ಕಣಗಳು 10ರಿಂದ 20 ಮೈಕ್ರಾನಿನವು, ಅಂದರೆ ಕಣ್ಣಿಗೆ ಕಾಣದವು. ಕಾಣದ್ದನ್ನು ಹಿಡಿಯಬೇಕಾದ ವಸ್ತುವನ್ನು ಡಬ್ಬಿಯ ಬಣ್ಣ ನೋಡಿ ಕೊಳ್ಳುವುದು ಎಲ್ಲಿಯ ಜಾಣತನ?

ನನಗೂ ಈ ಬುದ್ಧಿ ಹುಟ್ಟಿನಿಂದ ಬಂದದ್ದಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ಸಣ್ಣ ಕಾರನ್ನು ಮನೆಯ ಸಮೀಪದ ಗ್ಯಾರೇಜೊಂದರಲ್ಲಿ ಸರ್ವಿಸ್ ಮಾಡಿಸಿದೆ. ಅದಾದ ಮೇಲೆ ಪ್ರತಿದಿನ ಬೆಳಿಗ್ಗೆ ಕಾರು ಶುರು ಮಾಡಿದೊಡನೆ ಮೂರು ನಾಲ್ಕು ಸೆಕೆಂಡು ಕಟಕಟ ಸದ್ದು. ಆಯಿಲ್ಲಿನ ಕೆಂಪು ದೀಪವೂ ತಡವಾಗಿ ಆರುತ್ತಿತ್ತು. ವಯಸ್ಸಾಯಿತು, ನನ್ನ ಮೊಣಕಾಲಿನ ಹಾಗೆ ಅದಕ್ಕೂ ಎಂದುಕೊಂಡು ಸುಮ್ಮನಿದ್ದೆ. ಕೊನೆಗೆ ಗ್ಯಾರೇಜು ನಡೆಸುವ ನನ್ನ ಹಳೆಯ ಶಿಷ್ಯನೊಬ್ಬನ ಬಳಿ ಒಯ್ದೆ. ಅವನು ಆ ಫಿಲ್ಟರನ್ನು ಬಿಚ್ಚಿ, ಪಕ್ಕದಲ್ಲಿ ಒಳ್ಳೆಯ ತಯಾರಕರದೊಂದನ್ನು ಇಟ್ಟು, ಎರಡನ್ನೂ ಹ್ಯಾಕ್ಸಾದಲ್ಲಿ ಕೊಯ್ದು "ನೀವೇ ನೋಡಿ ಮೇಷ್ಟ್ರೇ" ಎಂದ.

ಒಳ್ಳೆಯದರಲ್ಲಿ ನೆರಿಗೆಗಳು ಒಂದೇ ಅಂತರದಲ್ಲಿ ಒತ್ತಾಗಿದ್ದವು. ನನ್ನದರಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ. ಇದ್ದವೂ ಮಳೆಯಲ್ಲಿ ನೆನೆದ ಕೊಡೆಯಂತೆ ಒಂದಕ್ಕೊಂದು ಅಂಟಿದ್ದವು. ಕಾಗದ ತುದಿಯ ಬಿಲ್ಲೆಯಿಂದ ಅಂಟು ಬಿಟ್ಟು ಬೆರಳು ತೂರುವಷ್ಟು ಸಂದಾಗಿತ್ತು. ಕಾಗದವನ್ನು ಹಾಯುವ ಶ್ರಮವೇ ಇಲ್ಲದೆ ಎಣ್ಣೆ ಆ ಸಂದಿಯಿಂದ ಓಡಾಡಿಕೊಂಡಿತ್ತು. ಇನ್ನು ಕವಾಟಗಳ ವಿಚಾರ. ಹೃದಯದ ಪಾಠದಲ್ಲಿ ರಕ್ತ ಹಿಮ್ಮುಖವಾಗಿ ಹರಿಯದಂತೆ ತಡೆಯುವ ಕವಾಟದ ಚಿತ್ರ ಬರೆಸುತ್ತಿದ್ದೆನಲ್ಲ, ಇಲ್ಲಿಯೂ ಅದೇ ಕೆಲಸಕ್ಕೆ ಒಂದು ರಬ್ಬರಿನ ಕವಾಟವಿರುತ್ತದೆ. ಕಾರು ನಿಂತಾಗ ಫಿಲ್ಟರಿನ ಎಣ್ಣೆ ಕೆಳಗಿಳಿದು ಹೋಗದಂತೆ ಅದು ಹಿಡಿದಿಡುತ್ತದೆ. ನನ್ನದರಲ್ಲಿ ಆ ರಬ್ಬರು ಒಣಗಿದ ಹುಣಸೆ ಸಿಪ್ಪೆಯಂತಿತ್ತು. ಬೆಳಗಿನ ಕಟಕಟ ಸದ್ದು ಎಣ್ಣೆಯಿಲ್ಲದೆ ಉಜ್ಜಿಕೊಳ್ಳುತ್ತಿದ್ದ ಲೋಹದ ಗೋಳು! ಫಿಲ್ಟರು ಬದಲಾಯಿಸಿದ ಮರುದಿನವೇ ಅದು ನಿಂತಿತು. ಅಷ್ಟು ದಿನದ ಸವೆತ ಮಾತ್ರ ಹಿಂದಿರುಗಲಿಲ್ಲ.

ಇನ್ನೊಂದು ಕವಾಟ ಬೈಪಾಸ್. ಕಾಗದ ಕಟ್ಟಿಕೊಂಡಾಗಲೋ ಚಳಿಗೆ ಎಣ್ಣೆ ಮಂದವಾದಾಗಲೋ ಅದು ತೆರೆದು ಸೋಸದ ಎಣ್ಣೆಯನ್ನೇ ಒಳಬಿಡುತ್ತದೆ. ಎಣ್ಣೆಯೇ ಇಲ್ಲದಿರುವುದಕ್ಕಿಂತ ಕೊಳಕು ಎಣ್ಣೆ ವಾಸಿಯೆಂಬ ಲೆಕ್ಕಾಚಾರ. ಅದರ ಸ್ಪ್ರಿಂಗು ಸಡಿಲವಾದರೆ ಕವಾಟ ಸದಾ ತೆರೆದೇ ಇರುತ್ತದೆ, ಫಿಲ್ಟರು ಬರಿಯ ಅಲಂಕಾರ. ಅತಿ ಬಿಗಿಯಾದರೆ ಕಾಗದವೇ ಕುಸಿಯುತ್ತದೆ. ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬುದು ಎಂಜಿನ್ನಿನಿಂದ ಎಂಜಿನ್ನಿಗೆ ಬೇರೆ. ಆದುದರಿಂದ "ಮರೆ ಕೂರುತ್ತದೆ, ಸಾಕು" ಎನ್ನುವವರ ಮಾತನ್ನು ನಂಬಬೇಡಿ. ಮರೆಯಲ್ಲಿಯೂ ಮೋಸವುಂಟು: ಮುಕ್ಕಾಲು ಇಂಚೆಂದರೆ 19.05 ಮಿಲಿಮೀಟರ್. ಆ ಅಳತೆಯ ಕಂಬಿಗೆ 20 ಮಿಲಿಮೀಟರಿನ ಫಿಲ್ಟರು ಹೇಗೋ ಹತ್ತಿಕೊಳ್ಳುತ್ತದೆ. ಒತ್ತಡ ಏರಿದಾಗ ನಡುದಾರಿಯಲ್ಲಿ ಕಳಚಿದರೆ ಎಣ್ಣೆಯೆಲ್ಲ ರಸ್ತೆಯ ಪಾಲು.

"ಅಂಬಾಸಡರ್ ಕಾಲದಲ್ಲಿ ಇದೆಲ್ಲ ಯಾರು ನೋಡುತ್ತಿದ್ದರು?" ಎನ್ನುವ ಹಿರಿಯರು ನಮ್ಮ ಬಂಧುಗಳಲ್ಲಿದ್ದಾರೆ. ಆಗ ಆಯಿಲ್ಲನ್ನು ಬೇಗಬೇಗ ಬದಲಾಯಿಸುತ್ತಿದ್ದೆವು, ಸ್ವಾಮಿ! ಇಂದಿನ ಅನೇಕ ಕಾರುಗಳಿಗೆ ತಯಾರಕರು 10,000 ಕಿಲೋಮೀಟರ್ ಅಥವಾ ಒಂದು ವರ್ಷದ ಅವಧಿ ಕೊಡುತ್ತಾರೆ. ಅಷ್ಟೂ ದಿನ ಆ ಡಬ್ಬಿ ದುಡಿಯಬೇಕು. ನಮ್ಮ ಹುಡುಗನ ಕಾರಿಗಂತೂ ಟರ್ಬೊ ಇದೆ. ಅದರ ದಂಡ ನಿಮಿಷಕ್ಕೆ ಒಂದು ಲಕ್ಷಕ್ಕೂ ಮಿಗಿಲಾಗಿ ಸುತ್ತುತ್ತದೆ, ಎಣ್ಣೆಯ ತೆಳುಪದರವೊಂದೇ ಅದಕ್ಕೆ ಆಧಾರ. ಅದು ಕೆಟ್ಟರೆ ಎಂಬತ್ತು ರೂಪಾಯಿಯ ಮುಂದೆ ಎಷ್ಟು ಸೊನ್ನೆ ಸೇರುತ್ತವೆಯೆಂದು ಅವನೇ ವಿಚಾರಿಸಲಿ.

ಹಾಗೆಂದು ದುಬಾರಿಯದೆಲ್ಲ ಶ್ರೇಷ್ಠವೆಂದು ನಾನು ಹೇಳಲಾರೆ. ಕಾರಿನ ಕಂಪನಿಗಳು ಸಾಮಾನ್ಯವಾಗಿ ಫಿಲ್ಟರನ್ನು ಬೇರೆ ತಯಾರಕರಿಂದಲೇ ಕೊಳ್ಳುತ್ತವೆ. ಬಾಷ್, ಮಾನ್, ಮಾಹ್ಲೆ, ಪ್ಯೂರೊಲೇಟರ್ ಮುಂತಾದವರು ತಮ್ಮದೇ ಹೆಸರಿನಲ್ಲಿಯೂ ಮಾರುತ್ತಾರೆ. ನಿಮ್ಮ ಮಾದರಿಗೆ ಹೇಳಿದ ಸಂಖ್ಯೆಯದಾದರೆ ಧಾರಾಳವಾಗಿ ಕೊಳ್ಳಿ. ನನ್ನ ಸಿಟ್ಟು ಹೆಸರಿಲ್ಲದ ಡಬ್ಬಿಯ ಮೇಲೆ, ಅದಕ್ಕಿಂತ ಹೆಚ್ಚಾಗಿ ದೊಡ್ಡ ಹೆಸರು ಕದ್ದ ಡಬ್ಬಿಯ ಮೇಲೆ. ಸುಳ್ಳು ಟ್ರೇಡ್ ಮಾರ್ಕಿನ ಸರಕು ಮಾರುವುದು 1999ರ ಕಾಯ್ದೆಯಂತೆ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಆದರೂ ಅದು ನಡೆಯುತ್ತಿರುವುದು ಬಿಲ್ ಕೇಳಲು ನಾಚುವ ನಮ್ಮಂಥವರಿಂದ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವವರು ಗ್ಯಾರೇಜಿನಲ್ಲಿ ಕಾಫಿ ಕುಡಿಯುತ್ತ ಹೊರಗೆ ಕುಳಿತಿರುತ್ತೇವೆ!

ಒಳಗೆ ಹೋಗಿ ನಿಲ್ಲಿ. ಮುಚ್ಚಿದ ಪೆಟ್ಟಿಗೆಯನ್ನು ನಿಮ್ಮೆದುರಿಗೇ ತೆರೆಸಿ. ತಯಾರಕರ ವಿಳಾಸ, ತಯಾರಾದ ತಿಂಗಳು, ಬೆಲೆ ಅಚ್ಚಾಗಿವೆಯೇ ನೋಡಿ. ಹಳೆಯ ಫಿಲ್ಟರಿನ ರಬ್ಬರ್ ಬಳೆ ಎಂಜಿನ್ನಿಗೇ ಅಂಟಿ ಉಳಿದಿದೆಯೇ ಎಂದು ಬೆರಳಾಡಿಸಿ ನೋಡಲು ಹೇಳಿ. ಅದರ ಮೇಲೆಯೇ ಹೊಸದನ್ನು ಕೂರಿಸಿದರೆ ಎಣ್ಣೆ ಸೋರುವುದು ಖಂಡಿತ. ಬಳೆಗೆ ಒಂದಿಷ್ಟು ಹೊಸ ಎಣ್ಣೆ ಸವರಿ, ಅದು ತಾಗಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟೇ, ಸಾಮಾನ್ಯವಾಗಿ ಮುಕ್ಕಾಲು ಸುತ್ತು, ಕೈಯಲ್ಲೇ ಬಿಗಿದರೆ ಸಾಕು.

ಕೊಯ್ದ ಆ ಎರಡು ಫಿಲ್ಟರುಗಳು ಇಂದಿಗೂ ನನ್ನ ಪುಸ್ತಕದ ಬೀರುವಿನ ಮೇಲಿವೆ. ತಂಗಿಯ ಮಗ ಗೌರಿ ಹಬ್ಬಕ್ಕೆ ತಾಯಿಯನ್ನು ಕರೆತರುವುದಾಗಿ ಹೇಳಿದ್ದಾನೆ. ಊಟಕ್ಕೆ ಮೊದಲು ಅವನ್ನು ಕೆಳಗಿಳಿಸಿ ಇಡುವೆ.