ಗುಂಡಿನ ಏಟು ಎಲ್ಲಿ ಬೀಳುತ್ತಿದೆ?

ಬೆಳಗಾವಿಯ ಫೌಂಡ್ರಿಗಳಲ್ಲಿ ಅಚ್ಚು ಒಡೆದು ತೆಗೆದ ಎರಕದ ಮೈಗೆಲ್ಲ ಸುಟ್ಟ ಮರಳು ಅಂಟಿರುತ್ತದೆ. ಅದನ್ನು ಕಳಚುವುದು ಶಾಟ್ ಬ್ಲಾಸ್ಟಿಂಗ್ ಯಂತ್ರ. ಮುಚ್ಚಿದ ಪೆಟ್ಟಿಗೆಯೊಳಗೆ, ರಭಸದಿಂದ ತಿರುಗುವ ಚಕ್ರದ ಬ್ಲೇಡುಗಳು ಸಾಸಿವೆ ಗಾತ್ರದ ಉಕ್ಕಿನ ಗುಂಡುಗಳನ್ನು ಸೆಕೆಂಡಿಗೆ ಸುಮಾರು 70 ಮೀಟರ್ ವೇಗದಲ್ಲಿ ಎಸೆಯುತ್ತವೆ. ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿ ಎಂದು ಒಂಬತ್ತನೇ ತರಗತಿಯಲ್ಲಿ ಓದಿದ್ದೀರಲ್ಲ, ಚಿಕ್ಕ ಗುಂಡಿನ ದೊಡ್ಡ ಏಟಿನ ಗುಟ್ಟು ಅದೇ.

ಎರಕ ಚೊಕ್ಕಟವಾಗದಿದ್ದರೆ ಯಂತ್ರವನ್ನು ಇನ್ನಷ್ಟು ಹೊತ್ತು ಓಡಿಸುವುದು ಹಲವರ ಅಭ್ಯಾಸ. ಗುಂಡು ಗೋಡೆಗೆ ಬಡಿಯುತ್ತಿದ್ದರೆ ಅದರಿಂದ ಗೋಡೆ ಸವೆದೀತು, ಅಷ್ಟೆ! ಎರಕವಿಡುವ ಜಾಗದಲ್ಲಿ ಬಣ್ಣ ಬಳಿದ ದಪ್ಪ ತಗಡು ನಿಲ್ಲಿಸಿ ಅರ್ಧ ನಿಮಿಷ ನಡೆಸಬೇಕು. ಚಕ್ರ ಪೂರ್ತಿ ನಿಂತ ಮೇಲೆ ತೆಗೆದು ನೋಡಿದರೆ ಏಟು ಬಿದ್ದಲ್ಲಿ ಬಣ್ಣ ಹಾರಿರುತ್ತದೆ. ಆ ಗುರುತು ಪಕ್ಕಕ್ಕೆ ಸರಿದಿದ್ದರೆ ಚಕ್ರದ ನಡುವಿನ ಕಂಟ್ರೋಲ್ ಕೇಜನ್ನು ತುಸು ತಿರುಗಿಸಿ ಸರಿಪಡಿಸುತ್ತಾರೆ.

ಬ್ಲೇಡಿನ ಶತ್ರು ಮರಳು. ಬಳಸಿದ ಗುಂಡು ಮತ್ತೆ ಚಕ್ರಕ್ಕೆ ಹೋಗುವಾಗ ಮರಳೂ ಸೇರಿಕೊಂಡರೆ ಬ್ಲೇಡು ಬೇಗ ಸವೆಯುತ್ತದೆ. ಒಂದು ಹಿಡಿ ಗುಂಡಿಗೆ ಅಯಸ್ಕಾಂತ ಹಿಡಿಯಿರಿ: ಉಕ್ಕು ಅಂಟುತ್ತದೆ, ಮರಳು ಉಳಿಯುತ್ತದೆ. ಉಳಿದದ್ದು ಹೆಚ್ಚಿದ್ದರೆ, ಗಾಳಿಯಿಂದ ಮರಳು ತೂರುವ ಸೆಪರೇಟರನ್ನು ನೋಡಬೇಕು. ಸವೆದ ಒಂದೇ ಬ್ಲೇಡು ಬದಲಿಸುವ ಜಿಪುಣರೂ ಇದ್ದಾರೆ. ತೂಕ ಏರುಪೇರಾಗಿ ಚಕ್ರ ನಡುಗುತ್ತದೆ.

ಈ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕಿಳಿದು ತರುವ ಸಿಲಿಕೋಸಿಸ್‌ಗೆ ಪೂರ್ತಿ ಗುಣವಿಲ್ಲ. ಮನೆಯಲ್ಲಿ ಫೌಂಡ್ರಿಗೆ ಹೋಗುವವರಿದ್ದರೆ ಕೇಳಿ: ಯಂತ್ರದ ಬಾಗಿಲಿನ ರಬ್ಬರ್ ಹರಿದಿಲ್ಲವಷ್ಟೆ?