ಶಾಲಾ ಬ್ಯಾಂಡ್: ವಾದ್ಯಕ್ಕೆ ಬೀಗ, ಮಗುವಿಗೆ ಪರೀಕ್ಷೆ

ಬಿಳೇಕಹಳ್ಳಿಯ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲ ಮೇಲೆ ಏಳನೇ ಕ್ಲಾಸಿನ ಹುಡುಗಿಯೊಬ್ಬಳು ಜುಲೈ ತಿಂಗಳ ಸಂಜೆಗಳಲ್ಲಿ ಹಳೆಯ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು ಎರಡು ಕೋಲುಗಳಿಂದ ಬಡಿಯುತ್ತ ಕೂತಿರುತ್ತಿದ್ದಳು. ಶಾಲೆಯ ಬ್ಯಾಂಡಿನಲ್ಲಿ ಅವಳದು ಸೈಡ್ ಡ್ರಮ್. ಮುಂದಿನ ಶನಿವಾರ ಬ್ಯಾಂಡ್ ಮಾಸ್ಟರ್ ಒಬ್ಬೊಬ್ಬರನ್ನೇ ಕರೆದು ನುಡಿಸಿ ನೋಡುವವರಿದ್ದರು. ಪಾಸಾದವರಿಗೆ ಆಗಸ್ಟ್ 15ರಂದು ಹೆಗಲಿಗೆ ಡ್ರಮ್ಮು. ಉಳಿದವರು ಸಾಲಿನಲ್ಲಿ ನಿಂತು ಕೈಬೀಸಿ ನಡೆಯಬೇಕು. 'ಡ್ರಮ್ ಎಲ್ಲಮ್ಮಾ?' ಎಂದು ಕೇಳಿದೆ. 'ಸ್ಟೋರ್ ರೂಮಲ್ಲಿದೆ ಅಂಕಲ್, ಮನೆಗೆ ಕೊಡಲ್ಲ' ಎಂದಳು. ದೂರಿನ ದನಿಯೇನೂ ಇರಲಿಲ್ಲ. ಲೋಕ ಇರುವುದೇ ಹಾಗೆ ಎಂದು ಒಪ್ಪಿಕೊಂಡ ದನಿ ಅದು. ನನ್ನನ್ನು ಕಾಡಿದ್ದೂ ಅದೇ.

ಪರೀಕ್ಷೆಯೇ ಬೇಡ ಎಂದು ನಾನು ವಾದಿಸುತ್ತಿಲ್ಲ. ಮೂವತ್ತು ಮಕ್ಕಳು ಒಟ್ಟಿಗೆ ನುಡಿಸುವಾಗ ಐದಾರು ಮಕ್ಕಳು ಸದ್ದಿನ ಮರೆಯಲ್ಲಿ ಅಡಗಿರುತ್ತಾರೆ. ತುಟಿಗೆ ಬ್ಯೂಗಲ್ ಇಟ್ಟುಕೊಂಡು ಊದದೆ ನಿಂತವರು, ಪಕ್ಕದವರ ಕೈ ನೋಡಿ ಅರೆಕ್ಷಣ ತಡವಾಗಿ ಬಡಿಯುವವರು. ಎಷ್ಟೇ ಒಳ್ಳೆಯ ಮಾಸ್ಟರ್ ಆದರೂ ಆ ಗದ್ದಲದಲ್ಲಿ ಅವರನ್ನು ಗುರುತಿಸುವುದು ಕಷ್ಟ. ಹಾಗೆ ಅಡಗಿದ ಮಗುವಿಗೆ ತನ್ನ ತಪ್ಪು ಏನೆಂದು ಯಾರೂ ಹೇಳುವುದಿಲ್ಲ, ವರ್ಷಗಟ್ಟಲೆ ಅದು ತಪ್ಪನ್ನೇ ರೂಢಿ ಮಾಡಿಕೊಳ್ಳುತ್ತದೆ. ಒಂದು ಮಗುವನ್ನು ಎರಡು ನಿಮಿಷ ಒಂಟಿಯಾಗಿ ಕೂರಿಸಿಕೊಂಡು ಕೇಳುವುದು ಆ ಮಗುವಿಗೆ ಶಾಲೆ ಕೊಡಬಹುದಾದ ದೊಡ್ಡ ಗಮನ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳಿಗೆ ಇದು ಚೆನ್ನಾಗಿ ಗೊತ್ತು. ಅಲ್ಲಿನ ಶಾಲಾ ಬ್ಯಾಂಡ್‌ಗಳಲ್ಲಿ 'ಪ್ಲೇಯಿಂಗ್ ಟೆಸ್ಟ್' ಮಾಮೂಲು. ನುಡಿಸಬೇಕಾದ ನಾಲ್ಕಾರು ಸಾಲು ಯಾವುದೆಂದು ಮೊದಲೇ ತಿಳಿಸುತ್ತಾರೆ, ಮಗು ಮನೆಯಲ್ಲಿ ಸಾಧನೆ ಮಾಡಿ ಬಂದು ಒಂಟಿಯಾಗಿ ನುಡಿಸುತ್ತದೆ. ಆದರೆ ಆ ಮಗುವಿನ ವಾದ್ಯ, ಸ್ವಂತದ್ದೋ ಬಾಡಿಗೆಯದೋ ಶಾಲೆಯದೋ, ಸಾಮಾನ್ಯವಾಗಿ ಅದರ ಜೊತೆಗೇ ಮನೆಗೆ ಬರುತ್ತದೆ. ನಮ್ಮ ಎಷ್ಟೋ ಶಾಲೆಗಳಲ್ಲಿ ಪರೀಕ್ಷೆ ಇದೆ, ವಾದ್ಯ ಮಾತ್ರ ಗೇಟು ದಾಟುವುದಿಲ್ಲ.

ಪುಸ್ತಕದ ಮೇಲೆ ಬಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಡ್ರಮ್ಮಿನ ಬಿಗಿದ ಮೈಗೆ ಬಿದ್ದ ಕೋಲು ತಾನಾಗಿಯೇ ಪುಟಿಯುತ್ತದೆ. ಸೈಡ್ ಡ್ರಮ್ಮಿನ ವಿದ್ಯೆಯ ಬಹುಪಾಲು ಈ ಪುಟಿತವನ್ನು ಬೆರಳುಗಳಲ್ಲಿ ಪಳಗಿಸುವುದರಲ್ಲಿದೆ. ಧ್ವಜ ಏರುವಾಗ ನಾವು ಕೇಳುವ ಆ ಸಣ್ಣ ಮಳೆಯಂಥ ರೋಲ್ ಹುಟ್ಟುವುದು ಹೀಗೆ: ಬಲಗೈಯಲ್ಲಿ ಎರಡು ಪೆಟ್ಟು, ಎಡಗೈಯಲ್ಲಿ ಎರಡು ಪೆಟ್ಟು, ಎರಡನೆಯದು ಪುಟಿತದಿಂದ ಬಂದದ್ದು. ಪುಸ್ತಕದ ಮೇಲೆ ಕೋಲು ಬಿದ್ದಲ್ಲೇ ಸಾಯುತ್ತದೆ. ಮಗು ಆ ಎರಡನೇ ಪೆಟ್ಟನ್ನು ಮಣಿಕಟ್ಟಿನ ಬಲದಿಂದ ಎಳೆದು ತರುತ್ತದೆ, ತೋಳು ಬಿಗಿಯುತ್ತದೆ, ವೇಗ ಹೆಚ್ಚಿದೊಡನೆ ಕೈ ಕೈಕೊಡುತ್ತದೆ. ಶನಿವಾರ ನಿಜವಾದ ಡ್ರಮ್ ಸಿಕ್ಕಾಗ ಅದು ಹೊಸ ವಾದ್ಯದ ಹಾಗೆ ಎದುರು ನಿಲ್ಲುತ್ತದೆ. ವಾರವಿಡೀ ಶ್ರದ್ಧೆಯಿಂದ ಕಲಿತದ್ದು ಆ ಹೊತ್ತಿಗೆ ಅಡ್ಡಿಯಾಗುತ್ತದೆ.

ಊದುವ ವಾದ್ಯಗಳ ಕಥೆ ಇನ್ನೂ ಸೂಕ್ಷ್ಮ. ಬ್ಯೂಗಲ್‌ಗೆ ಗುಂಡಿಗಳಿಲ್ಲ. ಅದರ ಕರೆಗಳೆಲ್ಲ ಬರೀ ಐದು ಸ್ವರಗಳಲ್ಲಿ ಮುಗಿಯುತ್ತವೆ, ಆ ಐದನ್ನೂ ತುಟಿಯ ಬಿಗುವು ಮತ್ತು ಉಸಿರಿನಿಂದಲೇ ಹುಡುಕಬೇಕು. ತುಟಿಯ ಸ್ನಾಯುವಿಗೆ ದಿನಕ್ಕೆ ಹದಿನೈದು ನಿಮಿಷದ ಕೆಲಸ ಒಗ್ಗುತ್ತದೆ. ವಾರಕ್ಕೊಮ್ಮೆ ಎರಡು ಗಂಟೆ ಊದಿಸಿದರೆ ಅದು ದಣಿದು ಊದಿಕೊಳ್ಳುತ್ತದೆಯೇ ಹೊರತು ಕಲಿಯುವುದಿಲ್ಲ. ಕಲಿಕೆಯನ್ನು ಹಲವು ದಿನಗಳಿಗೆ ಹಂಚಿದರೆ ನೆನಪು ಗಟ್ಟಿಯಾಗುತ್ತದೆಂದು ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟಿದ್ದರು. ಆಗಸ್ಟ್‌ಗೆ ಹತ್ತು ದಿನ ಮುಂಚೆ ಸ್ಟೋರ್ ರೂಮಿನ ಬೀಗ ತೆಗೆದು ಬಿಸಿಲಿನಲ್ಲಿ ಮಕ್ಕಳನ್ನು ನಿಲ್ಲಿಸುವ ಪದ್ಧತಿ ಇದಕ್ಕೆ ಪೂರ್ತಿ ವಿರುದ್ಧ ದಿಕ್ಕಿನದು.

ನಾವು ಮಕ್ಕಳಿಂದ ಕೇಳುತ್ತಿರುವುದಾದರೂ ಕಡಿಮೆಯೇನಲ್ಲ. ಪಥಸಂಚಲನದ ನಡಿಗೆ ನಿಮಿಷಕ್ಕೆ 120 ಹೆಜ್ಜೆ. ರಾಷ್ಟ್ರಗೀತೆ ಸುಮಾರು 52 ಸೆಕೆಂಡುಗಳಲ್ಲಿ ಮುಗಿಯಬೇಕು. ಮಗುವಿನ ಎದೆ ಡವಗುಟ್ಟುವಾಗ ಗತಿ ತಾನಾಗಿ ಏರುತ್ತದೆ, ನಡೆಯುತ್ತ ನುಡಿಸುವಾಗ ಉಸಿರು ಕುಗ್ಗುತ್ತದೆ. ಈ ಎರಡನ್ನೂ ಹಿಡಿದಿಡಲು ತಿಂಗಳುಗಳ ಅಭ್ಯಾಸ ಬೇಕು.

ನಮ್ಮ ಸಂಗೀತದ ಮನೆಗಳಿಗೆ ಇದು ಹೊಸ ಮಾತಲ್ಲ. ಸರಳೆ ವರಸೆಯನ್ನು ಮೊದಲ ಕಾಲ, ಎರಡನೇ ಕಾಲ, ಮೂರನೇ ಕಾಲವೆಂದು ಮೂರು ವೇಗದಲ್ಲಿ ಹಾಡಿಸುವುದು ಏಕೆ? ನಿಧಾನದಲ್ಲಿ ನಿಲ್ಲದ್ದು ವೇಗದಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ. ಮೃದಂಗದ ಹುಡುಗ 'ತಕಧಿಮಿ ತಕಜನು' ಎಂದು ಬಾಯಲ್ಲಿ ಹೇಳಿ, ಕೈಯಲ್ಲಿ ತಾಳ ಹಾಕಿದ ಮೇಲೆಯೇ ವಾದ್ಯ ಮುಟ್ಟುತ್ತಾನೆ. ಸೈಡ್ ಡ್ರಮ್ಮಿನ ಪಾಠಕ್ಕೂ ಇದನ್ನೇ ತರಬಹುದು. ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ ಎಂಬ ಪ್ಯಾರಾಡಿಡಲ್ ಪಾಠವನ್ನು ಮಗು ಬಾಯಲ್ಲಿ ಹೇಳಿಕೊಂಡು, 60ರ ಗತಿಯಲ್ಲಿ ತೊಡಗಿ ನಾಲ್ಕು ನಾಲ್ಕಾಗಿ ಏರಿಸಿಕೊಂಡು ಹೋಗಲಿ. ಮೊಬೈಲಿನ ಮೆಟ್ರೊನೋಮ್ ಉಚಿತವಾಗಿ ಸಿಗುತ್ತದೆ. ಅಮೆರಿಕದ ಪರ್ಕಸಿವ್ ಆರ್ಟ್ಸ್ ಸೊಸೈಟಿ 1984ರಲ್ಲಿ ಇಂಥ 40 ಮೂಲಪಾಠಗಳ ಪಟ್ಟಿ ಮಾಡಿತು. ಶಾಲಾ ಬ್ಯಾಂಡಿಗೆ ಅವುಗಳಲ್ಲಿ ಐದಾರು ಗಟ್ಟಿಯಾದರೆ ಸಾಕು.

ವ್ಯತ್ಯಾಸವಿರುವುದು ಬೇರೆ ಕಡೆ. ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗೆ ಕೂರುವ ಮಗುವಿನ ಮನೆಯಲ್ಲಿ ವೀಣೆಯೋ ಪಿಟೀಲೋ ಇದ್ದೇ ಇರುತ್ತದೆ. ಬನ್ನೇರುಘಟ್ಟ ರಸ್ತೆಯ ಗೇಟೆಡ್ ಸೊಸೈಟಿಗಳಲ್ಲಿ ಲಂಡನ್ನಿನ ಟ್ರಿನಿಟಿ ಕಾಲೇಜು ಅಥವಾ ಎಬಿಆರ್‌ಎಸ್‌ಎಂ ಗ್ರೇಡ್ ಪರೀಕ್ಷೆಗೆ ಕೂರುವ ಮಕ್ಕಳೂ ಹಾಗೆಯೇ. ಟ್ರಿನಿಟಿಯಲ್ಲಿ ನೂರಕ್ಕೆ 60 ಬಂದರೆ ಪಾಸು, 87 ಬಂದರೆ ಡಿಸ್ಟಿಂಕ್ಷನ್, ಶುಲ್ಕ ಸಾವಿರಗಟ್ಟಲೆ. ಆ ಪರೀಕ್ಷೆಗಳು ಕಟ್ಟುನಿಟ್ಟಾಗಿವೆ, ಅದರಲ್ಲಿ ನನಗೆ ತಕರಾರಿಲ್ಲ. ಅವು ವಾದ್ಯವುಳ್ಳ ಮನೆಗಳಿಗೆಂದು ರೂಪುಗೊಂಡವು, ಅಷ್ಟೆ. ಅದೇ ಬೀದಿಯಲ್ಲಿ, ಬಾಡಿಗೆಯ ಒಂಟಿ ಕೋಣೆಯಲ್ಲಿರುವ ಮಗುವಿಗೆ ಸಂಗೀತದ ವಾದ್ಯ ಕೈಗೆ ಸಿಗುವ ಏಕೈಕ ಜಾಗ ಶಾಲೆಯ ಬ್ಯಾಂಡ್. ಅಲ್ಲೂ ಬೀಗ ಬಿದ್ದರೆ ಅದು ಹೋಗುವುದೆಲ್ಲಿಗೆ?

ಕರ್ನಾಟಕದಲ್ಲಿ ಬ್ಯಾಂಡ್ ಎಂಬುದು ಶಿಸ್ತಿನ ಮೆರವಣಿಗೆಗೆ ಮಾತ್ರ ಸೀಮಿತವಾದ ಸಾಮಾನಾಗಿರಲಿಲ್ಲ. ಮೈಸೂರು ಅರಮನೆಯಲ್ಲಿ ಕರ್ನಾಟಕ ವಾದ್ಯವೃಂದ, ಆಂಗ್ಲ ವಾದ್ಯವೃಂದ ಎರಡೂ ಇದ್ದವು; ಪೊಲೀಸ್ ಬ್ಯಾಂಡಾಗಿ ಆ ಪರಂಪರೆ ಇಂದಿಗೂ ದಸರೆಯಲ್ಲಿ ಕೇಳಿಸುತ್ತದೆ. ಜಯಚಾಮರಾಜ ಒಡೆಯರ್ ಸ್ವತಃ ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದವರು. ಅದಕ್ಕಿಂತ ನನಗೆ ಹತ್ತಿರವಾದ ಉದಾಹರಣೆ ಕದ್ರಿ ಗೋಪಾಲನಾಥ್ ಅವರದು. ಬಂಟ್ವಾಳ ಸೀಮೆಯ ಸಜೀಪಮೂಡದ ನಾಗಸ್ವರ ವಾದಕರ ಮಗ. ಹುಡುಗನಾಗಿದ್ದಾಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತರು. ಗಮಕಕ್ಕೆ ಒಗ್ಗದ ಆ ಲೋಹದ ವಾದ್ಯವನ್ನು ಒಲಿಸಿಕೊಳ್ಳಲು ಸುಮಾರು ಎರಡು ದಶಕ ಶ್ರಮಿಸಿದರು, ತಮ್ಮ ಸಂಗೀತಕ್ಕೆ ತಕ್ಕಂತೆ ವಾದ್ಯವನ್ನೇ ತಿದ್ದಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನ ಬಿಬಿಸಿ ಪ್ರಾಮ್ಸ್‌ನಲ್ಲಿ ನುಡಿಸಿದರು. ಒಂದು ಬ್ಯಾಂಡನ್ನು ಕೇಳಿದ ಕ್ಷಣದಿಂದ ಅಲ್ಲಿಯವರೆಗಿನ ದಾರಿಯಲ್ಲಿ ಪ್ರತಿಭೆಯ ಪಾಲು ದೊಡ್ಡದು. ದಿನವೂ ಕೈಯಲ್ಲಿದ್ದ ವಾದ್ಯದ ಪಾಲೂ ಅಷ್ಟೇ ದೊಡ್ಡದು ಎಂದು ನಾನು ನಂಬಿದ್ದೇನೆ.

ಮಕ್ಕಳ ಕೈಗೆ ಕೊಟ್ಟರೆ ಹಾಳು ಮಾಡುತ್ತಾರೆ, ಕಳೆದುಹೋದರೆ ಲೆಕ್ಕ ಕೊಡುವವರಾರು ಎಂಬುದು ಶಾಲೆಗಳ ಭಯ. ದಾಸ್ತಾನು ಪುಸ್ತಕದಲ್ಲಿ ಸಹಿ ಹಾಕಿರುವ ಶಿಕ್ಷಕರ ಕಷ್ಟ ನನಗೆ ಅರ್ಥವಾಗುತ್ತದೆ. ಆದರೆ ಇಡೀ ಡ್ರಮ್ಮನ್ನೇ ಕಳಿಸಬೇಕೆಂದಿಲ್ಲ. ದಪ್ಪ ರಬ್ಬರಿನ ತುಂಡನ್ನು ಒಂದಡಿ ಹಲಗೆಗೆ ಬಿಗಿದು ಅಂಟಿಸಿದರೆ ಅಭ್ಯಾಸದ ಪ್ಯಾಡ್ ಸಿದ್ಧ. ಕೋಲು ಅದರ ಮೇಲೆ ಪುಟಿಯುತ್ತದೆ, ಸದ್ದು ಪಕ್ಕದ ಮನೆ ಮುಟ್ಟುವುದಿಲ್ಲ. ಟ್ರಂಪೆಟ್ಟಿನ ಬಾಯಿತುಂಡು ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದು. ಅದೊಂದನ್ನೇ ಮನೆಗೆ ಕೊಟ್ಟರೂ ಮಗು ತುಟಿಯನ್ನು ಪಳಗಿಸಿಕೊಳ್ಳಬಹುದು. ಒಬ್ಬರು ಊದಿದ್ದನ್ನು ಇನ್ನೊಬ್ಬರಿಗೆ ಕೊಡುವ ಮುನ್ನ ತೊಳೆಯುವ ಶಿಸ್ತನ್ನೂ ಕಲಿಸಿದಂತಾಗುತ್ತದೆ. ವಾರಾಂತ್ಯಕ್ಕೆ ಸರದಿಯ ಮೇಲೆ ಒಂದೆರಡು ವಾದ್ಯಗಳು ಮನೆ ಕಾಣಲಿ. ಕೇಂದ್ರದ ಶಿಕ್ಷಣ ಹಾಗೂ ರಕ್ಷಣಾ ಸಚಿವಾಲಯಗಳು ಗಣರಾಜ್ಯೋತ್ಸವದ ಹೊತ್ತಿಗೆ ರಾಷ್ಟ್ರಮಟ್ಟದ ಶಾಲಾ ಬ್ಯಾಂಡ್ ಸ್ಪರ್ಧೆ ನಡೆಸುತ್ತವೆ. ಬಾಲಕರಿಗೂ ಬಾಲಕಿಯರಿಗೂ ಬ್ರಾಸ್ ಬ್ಯಾಂಡ್, ಪೈಪ್ ಬ್ಯಾಂಡ್ ವಿಭಾಗಗಳಿವೆ. ಗೆಲ್ಲುವ ತಂಡಕ್ಕೆ ಹಣ ಕೊಡುವುದರ ಜೊತೆಗೆ, ಸ್ಪರ್ಧೆಯ ಕನಸೂ ಇಲ್ಲದ ಶಾಲೆಯಲ್ಲಿ ಹತ್ತು ಪ್ಯಾಡ್ ಇರುವಂತೆ ನೋಡಿಕೊಂಡರೆ ಆ ಸ್ಪರ್ಧೆಗೇ ಲಾಭ.

ನೆರೆಹೊರೆಯವರಾದ ನಮ್ಮ ಪಾಲೂ ಇದೆ. ಬಿಳೇಕಹಳ್ಳಿಯಲ್ಲಿ ನಾವು ಮೆಟ್ರೊ ಕಾಮಗಾರಿಯ ಸದ್ದನ್ನು ವರ್ಷಗಟ್ಟಲೆ ತಾಳಿಕೊಂಡವರು, ಬನ್ನೇರುಘಟ್ಟ ರಸ್ತೆಯ ಹಾರ್ನ್ ಕೇಳುತ್ತಲೇ ಮಲಗುವವರು. ಆದರೂ ಮಗುವೊಂದು ಸಂಜೆ ಐದಕ್ಕೆ ಟ್ರಂಪೆಟ್ ಹಿಡಿದರೆ ಅಸೋಸಿಯೇಷನ್ ಗ್ರೂಪಿಗೆ ದೂರು ಬೀಳುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿಯೆಂದರೆ ಹತ್ತರಿಂದ ಬೆಳಗಿನ ಆರರವರೆಗೆ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬೆಲ್. ರೋಗಿಗಳು, ರಾತ್ರಿಪಾಳಿ ಮುಗಿಸಿ ಹಗಲು ಮಲಗುವವರು ಎಲ್ಲ ಕಟ್ಟಡದಲ್ಲೂ ಇರುತ್ತಾರೆ, ಅವರ ನೆಮ್ಮದಿ ಮುಖ್ಯ. ಅದಕ್ಕೇ ಹೇಳುವುದು, ಕ್ಲಬ್‌ಹೌಸನ್ನೋ ನೆಲಮಾಳಿಗೆಯ ಒಂದು ಮೂಲೆಯನ್ನೋ ಸಂಜೆ ಐದರಿಂದ ಆರರವರೆಗೆ ಸಾಧನೆಗೆಂದು ಗೊತ್ತುಮಾಡಿ. ಕೆಲಸದವರ ಮಕ್ಕಳಿಗೂ ಅಲ್ಲಿ ಪ್ರವೇಶವಿರಲಿ.

ಇನ್ನು ಪರೀಕ್ಷೆ ನಡೆಸುವ ರೀತಿ. ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2023 ಕಲಾ ಶಿಕ್ಷಣಕ್ಕೆ ಉಳಿದ ವಿಷಯಗಳ ಸಾಲಿನಲ್ಲೇ ಜಾಗ ಕೊಟ್ಟಿದೆ. ಆರನೇ ತರಗತಿಗೆ ಎನ್‌ಸಿಇಆರ್‌ಟಿ 'ಕೃತಿ' ಎಂಬ ಪಠ್ಯಪುಸ್ತಕವನ್ನೂ ತಂದಿದೆ. ನಮ್ಮ ರಾಜ್ಯದ ಶಾಲೆಗಳಲ್ಲೂ ಕಲಾ ಶಿಕ್ಷಣಕ್ಕೆ ಗ್ರೇಡ್ ಕೊಡುವ ಪದ್ಧತಿ ಇದೆ. ಆ ಗ್ರೇಡಿಗೆ ಅರ್ಥ ಬರಬೇಕಾದರೆ ಬ್ಯಾಂಡಿನ ಪರೀಕ್ಷೆ ಒಂದೇ ಶನಿವಾರದಲ್ಲಿ ಮುಗಿಯಬಾರದು. ಜೂನ್‌ನಲ್ಲಿ ಎಂಟು ಸಾಲು ಕೊಟ್ಟು ಒಮ್ಮೆ ಕೇಳಿ, ಜುಲೈ ಕೊನೆಗೆ ಅದನ್ನೇ ಮತ್ತೆ ಕೇಳಿ. ನಡುವೆ ಮಗು ಎಷ್ಟು ದೂರ ಬಂತು ಎಂಬುದಕ್ಕೂ ಅಂಕವಿರಲಿ. ನಿಧಾನಗತಿಯಲ್ಲಿ ತಪ್ಪಿಲ್ಲದೆ ನುಡಿಸಿದ ಮಗುವನ್ನು ವೇಗದಲ್ಲಿ ಎಡವಿದ ಮಗುವಿಗಿಂತ ಕೆಳಗಿಡಬೇಡಿ. ಒಂಟಿಯಾಗಿ ಕೇಳಿದ ಮೇಲೆ ಜೋಡಿಯಾಗಿಯೂ ಕೇಳಿ, ಯಾಕೆಂದರೆ ಬ್ಯಾಂಡಿಗೆ ಬೇಕಾದದ್ದು ಪಕ್ಕದವರಿಗೆ ಕಿವಿಗೊಡುವ ಕೈ.

ಒಂದು ವಿಷಯವನ್ನು ಒತ್ತಿ ಹೇಳಬೇಕು. ಊರಹಬ್ಬದಲ್ಲಿ ತಮಟೆ ಬಡಿಯುವ, ಮದುವೆಗಳಲ್ಲಿ ಓಲಗ ನುಡಿಸುವ ಮನೆಗಳ ಮಕ್ಕಳು ನಮ್ಮ ಶಾಲೆಗಳಲ್ಲಿದ್ದಾರೆ. ಕರಗದ ರಾತ್ರಿ ತಮಟೆಯ ನಡೆಯನ್ನು ಹೆಗಲೇರಿ ಕೇಳಿದ ಮಗುವಿಗೆ ಲಯ ಮೈಯಲ್ಲೇ ಇರುತ್ತದೆ. ಸ್ಟಾಫ್ ನೊಟೇಷನ್ ಓದಿ ನುಡಿಸು ಎಂದು ಮೊದಲ ದಿನವೇ ಮುಂದಿಟ್ಟರೆ ಅದು ಹಿಂದೆ ಸರಿಯುತ್ತದೆ. ಕೇಳಿಸಿಕೊಂಡು ನುಡಿಸು ಎಂದರೆ ಎಲ್ಲರಿಗಿಂತ ಮುಂದೆ ಬರಬಹುದು. ಓದುವುದನ್ನು ಆಮೇಲೆ ಕಲಿಸೋಣ. ಕಿವಿಯ ಪರೀಕ್ಷೆಗೆ ಮೊದಲ ಸ್ಥಾನವಿರಲಿ.

ಆ ಶನಿವಾರದ ಪರೀಕ್ಷೆಗೆ ಮುಂಚಿನ ಬುಧವಾರ ನಾನೂ ಮೆಟ್ಟಿಲ ಮೇಲಿನ ಆ ಹುಡುಗಿಯ ಅಪ್ಪನೂ ಸೇರಿ ಹಲಗೆಗೆ ರಬ್ಬರ್ ಅಂಟಿಸಿ ಕೊಟ್ಟೆವು. ಮೊದಲ ಪೆಟ್ಟಿಗೇ ಕೋಲು ಪುಟಿದದ್ದನ್ನು ಕಂಡು ಅವಳು ಕೈ ತಡೆದು ನಮ್ಮತ್ತ ನೋಡಿದಳು. 60ರಲ್ಲಿ ಸರಿಯಾಗಿ ಬಂತು, 80ರಲ್ಲೂ ಬಂತು. 96ಕ್ಕೆ ಏರಿಸಿದಾಗ ನಿಲ್ಲಿಸಿ, 'ಎಡಗೈ ಲೇಟಾಗ್ತಿದೆ ಅಂಕಲ್, ಮತ್ತೆ ಎಂಬತ್ತಕ್ಕೆ ಇಡಿ' ಎಂದಳು. ಮೊಬೈಲಿನ ಟಿಕ್ ಟಿಕ್ ಇಳಿಸಿ ಪಕ್ಕದ ಮೆಟ್ಟಿಲ ಮೇಲೆ ಇಟ್ಟೆ.